ಜನಪ್ರಿಯ ಗೀತೆಗಳ ಶ್ರೇಣಿಪಟ್ಟಿಯೂ ಲೋಕರುಚಿಯೂ

ಒಂದು ಕಾಲದ ಜನರು ಯಾವ ಹಾಡುಗಳನ್ನು ಮೆಚ್ಚಿದರೆಂಬುದನ್ನು ಗೊತ್ತುಮಾಡುವುದು ಸಾಹಿತ್ಯಚರಿತ್ರಕಾರನಿಗೆ ಸುಲಭವಾದ ಕೆಲಸವಲ್ಲ. ಕಾವ್ಯಗಳ ವಿಷಯದಲ್ಲಾದರೆ ಓಲೆಯ ಪ್ರತಿಗಳ ಸಂಖ್ಯೆ, ಈಚಿನ ಕವಿಗಳು ಮಾಡಿದ ಸ್ತುತಿ, ಲಕ್ಷಣಗ್ರಂಥಗಳಲ್ಲಿ ಉದಾಹೃತವಾದ ಪದ್ಯಗಳು ಮೊದಲಾದ ಆಧಾರಗಳುಂಟು. ಹಾಡಿಗೆ ಅಂಥ ಆಧಾರ ವಿರಳ. ಬಾಯಿಂದ ಬಾಯಿಗೆ ಹೋಗಿ ಹಾಡಿದವರೊಡನೆಯೇ ಅಳಿದ ಗೀತೆಗಳ ಲೆಕ್ಕವನ್ನು ಇಟ್ಟವರಾರೂ ಇಲ್ಲ. ಆದುದರಿಂದ 20ನೆಯ ಶತಮಾನದಲ್ಲಿ ಅಮೆರಿಕ ದೇಶದ ವ್ಯಾಪಾರ ಪತ್ರಿಕೆಗಳು ಜನಪ್ರಿಯ ಗೀತೆಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ ವಾರವಾರವೂ ಪ್ರಕಟಿಸತೊಡಗಿದುದು ವಿಮರ್ಶಕನಿಗೆ ನಿಧಿ ದೊರೆತಂತೆ ತೋರುವುದು ಸಹಜ. ಇಂಥ ಪಟ್ಟಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ‘ಬಿಲ್‌ಬೋರ್ಡ್’ ಪತ್ರಿಕೆಯದು. 1894ರಲ್ಲಿ ಗೋಡೆಯ ಜಾಹೀರಾತುಗಳ ವ್ಯವಹಾರಕ್ಕಾಗಿ ಹುಟ್ಟಿದ ಆ ಪತ್ರಿಕೆ ಕ್ರಮವಾಗಿ ಸಂಗೀತದ ಪೇಟೆಗೆ ಪ್ರಮಾಣಗ್ರಂಥವಾಯಿತು.

ಈ ಪಟ್ಟಿಗಳ ಆಧಾರದಿಂದ ಸಾಮಾನ್ಯವಾಗಿ ಹೇಳುವ ಕಥೆಯೊಂದುಂಟು. 1940ರ ದಶಕದಲ್ಲಿ ದೊಡ್ಡ ವಾದ್ಯಗೋಷ್ಠಿಗಳ ಗೀತೆಗಳು ಮೇಲಿದ್ದುವು. 1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಬಂದಿತು. 1960ರ ದಶಕದಲ್ಲಿ ಇಂಗ್ಲೆಂಡಿನ ತಂಡಗಳು ಅಮೆರಿಕವನ್ನು ಗೆದ್ದುವು. 1970ರ ದಶಕದಲ್ಲಿ ಡಿಸ್ಕೋ, ಮುಂದೆ ರ್‍ಯಾಪ್ ಮೊದಲಾದುವು ತಲೆಯೆತ್ತಿದುವು. ಈ ಕಥೆ ಸುಳ್ಳಲ್ಲ. ಆದರೆ ಅದು ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳದೆಯೇ ಮುಂದುವರಿಯುತ್ತದೆ: ಆಯಾ ದಶಕದಲ್ಲಿ ಎಣಿಸಿದ್ದಾದರೂ ಏನನ್ನು? ಅಳೆಯುವ ಕೊಳಗವೇ ನಡುನಡುವೆ ಬದಲಾಗಿದ್ದರೆ, ರಾಶಿ ಹೆಚ್ಚಿತೆಂದಾಗಲಿ ಕಡಮೆಯಾಯಿತೆಂದಾಗಲಿ ಹೇಳುವುದು ಹೇಗೆ? ಪಟ್ಟಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸಿದಲ್ಲಿ, ಲೋಕರುಚಿಯ ಬದಲಾವಣೆಯೆಂದು ತೋರುವ ಸಂಗತಿಗಳಲ್ಲಿ ಕೆಲವು ಎಣಿಕೆಯ ಬದಲಾವಣೆಗಳೆಂದು ವ್ಯಕ್ತವಾಗುತ್ತದೆ.

೧. ಹಾಡು ಮತ್ತು ಹಾಡಿಕೆ

ಮೊದಲಿಗೆ ಜನಪ್ರಿಯತೆಯ ಅಳತೆ ಅಚ್ಚಾದ ಕಾಗದವಾಗಿದ್ದಿತು. 1892ರಲ್ಲಿ ಚಾರ್ಲ್ಸ್ ಕೆ. ಹ್ಯಾರಿಸ್ ಎಂಬಾತನು ಪ್ರಕಟಿಸಿದ ‘ಆಫ್ಟರ್ ದ ಬಾಲ್’ ಎಂಬ ಗೀತೆಯ ಸ್ವರಲಿಪಿಯು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ಅದನ್ನು ಕೊಂಡವರು ಮನೆಯಲ್ಲಿ ಪಿಯಾನೋ ನುಡಿಸಿಕೊಂಡು ತಾವೇ ಹಾಡುತ್ತಿದ್ದವರು. ಅಲ್ಲಿ ಎಣಿಕೆಗೆ ಬಂದುದು ಹಾಡು, ಹಾಡಿದವನಲ್ಲ. 1935ರಲ್ಲಿ ರೇಡಿಯೋದಲ್ಲಿ ಆರಂಭವಾದ ‘ಯುವರ್ ಹಿಟ್ ಪೆರೇಡ್’ ಎಂಬ ಕಾರ್ಯಕ್ರಮವೂ ಇದೇ ಭಾವನೆಯ ಮೇಲೆ ನಿಂತಿತ್ತು. ವಾರದ ಮುಖ್ಯ ಗೀತೆಗಳನ್ನು ಆ ಕಾರ್ಯಕ್ರಮದ ಗಾಯಕರೇ ಹಾಡುತ್ತಿದ್ದರು. ಮೂಲದಲ್ಲಿ ಅವನ್ನು ಯಾರು ಹಾಡಿದ್ದರೆಂಬುದು ಮುಖ್ಯವಾಗಿರಲಿಲ್ಲ.

ಇದಕ್ಕೆ ವ್ಯತ್ಯಾಸ ಬಂದುದು ಗ್ರಾಮಫೋನ್ ತಟ್ಟೆಯಿಂದ. 1940ರ ಜುಲೈ 27ರ ಸಂಚಿಕೆಯಲ್ಲಿ ಬಿಲ್‌ಬೋರ್ಡ್ ಪತ್ರಿಕೆಯು ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾದ ತಟ್ಟೆಗಳ ಪಟ್ಟಿಯನ್ನು ಪ್ರಕಟಿಸಿತು. ಮೊದಲ ಸ್ಥಾನ ದೊರೆತುದು ಟಾಮಿ ಡಾರ್ಸಿಯ ವಾದ್ಯಗೋಷ್ಠಿಯೊಡನೆ ಫ್ರಾಂಕ್ ಸಿನಾಟ್ರ ಹಾಡಿದ ಒಂದು ಗೀತೆಗೆ. ಇಲ್ಲಿ ಎಣಿಸಿದ್ದು ಹಾಡನ್ನಲ್ಲ, ಒಂದು ಹಾಡಿಕೆಯನ್ನು. ಒಂದೇ ಗೀತೆಯನ್ನು ಮೂವರು ಹಾಡಿದ್ದರೆ ಅದು ಮೂರು ಬೇರೆ ವಸ್ತುಗಳಾಗಿ ಪಟ್ಟಿಯಲ್ಲಿ ನಿಲ್ಲಬಲ್ಲುದು. ಈ ಭೇದವು ಸಣ್ಣದೆಂದು ತೋರಬಹುದು. ಆದರೆ ಮುಂದಿನ ಚರಿತ್ರೆಯೆಲ್ಲ ಇದರ ಮೇಲೆ ನಿಂತಿದೆ. ರಾಕ್ ಅಂಡ್ ರೋಲ್ ಬಂದ ಮೇಲೆ ಕೇಳುವವರಿಗೆ ಬೇಕಾದುದು ಎಲ್ವಿಸ್ ಪ್ರೆಸ್ಲಿಯ ಕಂಠದ ಗೀತೆಯೇ ಹೊರತು ಬೇರೊಬ್ಬನು ಅಂದವಾಗಿ ಒಪ್ಪಿಸಿದ ಅದೇ ಗೀತೆಯಲ್ಲ. ‘ಯುವರ್ ಹಿಟ್ ಪೆರೇಡ್’ 1959ರಲ್ಲಿ ನಿಂತುಹೋದುದಕ್ಕೆ ಇದೊಂದು ಮುಖ್ಯ ಕಾರಣವೆಂದು ಹೇಳುತ್ತಾರೆ. ಕವಿಕೃತಿಗಿಂತ ಗಾಯಕನ ಕಂಠವೇ ಕೃತಿಯಾದುದು ಈ ಕಾಲದ ಮುಖ್ಯ ಪರಿವರ್ತನೆ. ಪಟ್ಟಿಯು ಅದನ್ನು ಬರೆದಿಟ್ಟಿತು. ಗಾಯಕನ ಹೆಸರನ್ನು ವಾರವಾರವೂ ಅಚ್ಚುಹಾಕಿ ಅದಕ್ಕೆ ನೆರವೂ ಆಯಿತು.

ಆ ದಿನಗಳಲ್ಲಿ ಅಳತೆಗಳು ಮೂರು ಬಗೆಯಾಗಿದ್ದುವು: ಅಂಗಡಿಯ ಮಾರಾಟ, ರೇಡಿಯೋದವರು ನುಡಿಸಿದ ಲೆಕ್ಕ, ನಾಣ್ಯ ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಯಂತ್ರಗಳ ಲೆಕ್ಕ. ಈ ಮೂರೂ ಒಂದೇ ಉತ್ತರವನ್ನು ಕೊಡುತ್ತಿರಲಿಲ್ಲ. ಕೊಳ್ಳುವವನು ಒಬ್ಬ, ರೇಡಿಯೋದಲ್ಲಿ ಆರಿಸುವವನು ಇನ್ನೊಬ್ಬ, ಹೋಟಲಿನಲ್ಲಿ ನಾಣ್ಯ ಹಾಕುವವನು ಮತ್ತೊಬ್ಬ. 1958ರ ಆಗಸ್ಟ್ 4ರಂದು ಮಾರಾಟವನ್ನೂ ರೇಡಿಯೋವನ್ನೂ ಕೂಡಿಸಿ ‘ಹಾಟ್ ಹಂಡ್ರೆಡ್’ ಎಂಬ ನೂರು ಗೀತೆಗಳ ಪಟ್ಟಿ ಹೊರಟಿತು. ರಿಕಿ ನೆಲ್ಸನ್ನನ ಗೀತೆ ಅದರ ಮೊದಲ ಅಗ್ರಸ್ಥಾನವನ್ನು ಪಡೆಯಿತು. ಮರುವರ್ಷವೇ, ರೇಡಿಯೋದಲ್ಲಿ ಹಾಡುಗಳನ್ನು ಆರಿಸುವವರು ಹಣ ಪಡೆದು ತಟ್ಟೆಗಳನ್ನು ನುಡಿಸುತ್ತಿದ್ದರೆಂಬ ಆಪಾದನೆಯ ಮೇಲೆ ಅಮೆರಿಕದ ಶಾಸನಸಭೆ ವಿಚಾರಣೆಯನ್ನು ಆರಂಭಿಸಿತು. ಕೂಡಿಸಿದ ಮೊತ್ತದಲ್ಲಿ ಒಂದು ಭಾಗವು ಜನರ ಮೆಚ್ಚಿಕೆಯೋ ಲಂಚದ ಫಲವೋ ಎಂದು ಬಿಡಿಸುವುದು ಸಾಧ್ಯವಿರಲಿಲ್ಲ.

೨. ಜನರೆಂದರೆ ಯಾರು?

‘ಜನಪ್ರಿಯ’ ಎಂಬ ಸಮಾಸದಲ್ಲಿ ‘ಪ್ರಿಯ’ ಎಂಬುದಕ್ಕಿಂತ ‘ಜನ’ ಎಂಬುದೇ ಹೆಚ್ಚು ಕಷ್ಟವಾದ ಪದ. ಪಟ್ಟಿ ಮಾಡುವವರು ಜನರನ್ನು ಮೊದಲೇ ವಿಂಗಡಿಸಿದ್ದರು. 1942ರಲ್ಲಿ ನೀಗ್ರೋ ಜನರ ಅಂಗಡಿಗಳ ಮಾರಾಟಕ್ಕೆ ‘ಹಾರ್ಲೆಮ್ ಹಿಟ್ ಪೆರೇಡ್’ ಎಂಬ ಬೇರೊಂದು ಪಟ್ಟಿ ಹುಟ್ಟಿತು. ಅವರನ್ನು ಇಂದು ಆಫ್ರಿಕನ್ ಅಮೆರಿಕನ್ನರೆಂದು ಕರೆಯುತ್ತಾರೆ. 1945ರಲ್ಲಿ ಅದಕ್ಕೆ ‘ರೇಸ್’, ಎಂದರೆ ಜನಾಂಗದ ತಟ್ಟೆಗಳು, ಎಂಬ ಹೆಸರು ಬಂದಿತು. 1949ರಲ್ಲಿ ಜೆರಿ ವೆಕ್ಸ್ಲರ್ ಎಂಬ ಪತ್ರಕರ್ತನ ಸೂಚನೆಯಂತೆ ‘ರಿದಮ್ ಅಂಡ್ ಬ್ಲೂಸ್’ ಎಂದಾಯಿತು. ಹಳ್ಳಿಗಾಡಿನ ಬಿಳಿಯರ ಹಾಡುಗಳಿಗೂ 1944ರಿಂದ ಬೇರೆ ಪಟ್ಟಿ ಇದ್ದಿತು. ಉಳಿದದ್ದು ಯಾವ ವಿಶೇಷಣವೂ ಇಲ್ಲದ, ‘ಜನ’ರ ಪಟ್ಟಿ.

ಈ ವಿಂಗಡಣೆಯನ್ನು ಸಂಗೀತದ ಲಕ್ಷಣಕ್ಕೆ ಅನುಸಾರವಾದುದೆಂದು ಕೆಲವರು ಸಮರ್ಥಿಸಬಹುದು. ಹಾಗಿದ್ದರೆ 1963ರ ನವೆಂಬರಿನಿಂದ 1965ರ ಜನವರಿಯವರೆಗೆ ರಿದಮ್ ಅಂಡ್ ಬ್ಲೂಸ್ ಪಟ್ಟಿಯನ್ನು ಪತ್ರಿಕೆಯವರು ಏಕೆ ನಿಲ್ಲಿಸಿದರು? ಆ ವೇಳೆಗೆ ಎರಡು ಪಟ್ಟಿಗಳಲ್ಲೂ ಅವೇ ಹಾಡುಗಳು ಕಾಣಿಸುತ್ತಿದ್ದುದರಿಂದ ಬೇರೆ ಪಟ್ಟಿ ಅನಾವಶ್ಯಕವೆಂದು ತೋರಿತು. ಒಂದು ವರ್ಷದ ಮೇಲೆ ಪುನಃ ಆವಶ್ಯಕವೆಂದು ತೋರಿತು. ಸಂಗೀತದ ಲಕ್ಷಣವು ಹದಿನಾಲ್ಕು ತಿಂಗಳಲ್ಲಿ ಕೂಡಿ ಮತ್ತೆ ಅಗಲಲಿಲ್ಲ. ಪಟ್ಟಿಯು ಲಕ್ಷಣವನ್ನಲ್ಲ, ಸಮಾಜದ ಗೆರೆಗಳನ್ನು ಅನುಸರಿಸುತ್ತಿತ್ತು.

ಈ ಪ್ರಶ್ನೆ ಹಳೆಯದಾಗಿ ಹೋಗಲಿಲ್ಲ. 2019ರಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಕರಿಯ ಯುವಕನ ‘ಓಲ್ಡ್ ಟೌನ್ ರೋಡ್’ ಎಂಬ ಗೀತೆ ಕಂಟ್ರಿ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಅದರಲ್ಲಿ ಕಂಟ್ರಿ ಸಂಗೀತದ ಅಂಶಗಳು ಸಾಕಷ್ಟಿಲ್ಲವೆಂದು ಪತ್ರಿಕೆಯವರು ಅದನ್ನು ಅಲ್ಲಿಂದ ತೆಗೆದುಹಾಕಿದರು. ಅದೇ ಗೀತೆ ಸಾಮಾನ್ಯ ಪಟ್ಟಿಯಲ್ಲಿ 19 ವಾರಗಳ ಕಾಲ ಅಗ್ರಸ್ಥಾನದಲ್ಲಿ ನಿಂತು, ಆವರೆಗಿನ 16 ವಾರಗಳ ದಾಖಲೆಯನ್ನು ಮುರಿಯಿತು. ಯಾವುದು ಯಾವ ಪ್ರಕಾರಕ್ಕೆ ಸೇರಿದುದೆಂಬ ನಿರ್ಣಯವನ್ನು ಲಾಕ್ಷಣಿಕರು ಮಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಸೂತ್ರಗಳಿದ್ದುವು, ವಾದಪ್ರತಿವಾದಗಳಿದ್ದುವು. ಪಟ್ಟಿಯವರ ನಿರ್ಣಯಕ್ಕೆ ಅಂಥ ಸೂತ್ರವನ್ನು ಯಾರೂ ಕಾಣಲಿಲ್ಲ. ಆದರೆ ಅದರ ಪರಿಣಾಮ ಲಾಕ್ಷಣಿಕರ ನಿರ್ಣಯಕ್ಕಿಂತ ದೂರಗಾಮಿಯಾದುದು. ಏಕೆಂದರೆ ಯಾವ ರೇಡಿಯೋ ನಿಲಯ ಯಾವ ಹಾಡನ್ನು ನುಡಿಸಬೇಕೆಂಬುದು ಅದನ್ನು ನೋಡಿಕೊಂಡು ನಡೆಯುತ್ತದೆ.

೩. ಒಂದು ವಾರದಲ್ಲಿ ಬದಲಾದ ಅಭಿರುಚಿ

ಎಣಿಕೆ ಬದಲಾದರೆ ಅಭಿರುಚಿ ಬದಲಾದಂತೆ ತೋರುತ್ತದೆಂಬುದಕ್ಕೆ 1991ನೆಯ ಇಸವಿಗಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಅದಕ್ಕೆ ಮುಂಚೆ ಅಂಗಡಿಯವರು ತಮ್ಮಲ್ಲಿ ಯಾವುದು ಹೆಚ್ಚು ಹೋಗುತ್ತಿದೆಯೆಂದು ಬಾಯಿಮಾತಿನಲ್ಲಿ ವರದಿಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ 1952ರ ನವೆಂಬರ್ 14ರಂದು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಹೊರಟ ಮೊದಲ ಪಟ್ಟಿಯೂ ಸುಮಾರು 20 ಅಂಗಡಿಗಳಿಗೆ ದೂರವಾಣಿಯಲ್ಲಿ ಕೇಳಿ ಮಾಡಿದುದೇ. ಅಂಗಡಿಯವನು ಹೇಳುವಾಗ ಅವನ ಸ್ಮೃತಿ, ಊಹೆ, ಪಕ್ಷಪಾತ, ಕಂಪೆನಿಯವರ ಓಲೈಕೆ ಎಲ್ಲವೂ ಸೇರಿಕೊಳ್ಳುತ್ತವೆ. 1991ರ ಮೇ ತಿಂಗಳಿನಿಂದ ಬಿಲ್‌ಬೋರ್ಡ್ ಪತ್ರಿಕೆ ಗೀತಸಂಪುಟಗಳ, ಎಂದರೆ ಆಲ್ಬಮ್‌ಗಳ, ಪಟ್ಟಿಗೆ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆಯನ್ನು ಅನ್ವಯಿಸಿತು. ಅಂಗಡಿಯ ಗಲ್ಲಾದಲ್ಲಿ ಬಾರ್‌ಕೋಡನ್ನು ಓದುವ ಯಂತ್ರವೇ ಮಾರಾಟವನ್ನು ಎಣಿಸತೊಡಗಿತು.

ಇದರ ಪರಿಣಾಮ ಕೂಡಲೆ ಕಂಡುಬಂದಿತು. ಜೂನ್ ತಿಂಗಳಲ್ಲಿಯೇ ಎನ್.ಡಬ್ಲ್ಯು.ಎ. ಎಂಬ ರ್‍ಯಾಪ್ ತಂಡದ ಸಂಪುಟ ಅಗ್ರಸ್ಥಾನಕ್ಕೆ ಬಂದಿತು. ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸನ ಕಂಟ್ರಿ ಸಂಪುಟ ಪ್ರವೇಶಿಸಿದ ವಾರವೇ ಅಗ್ರಸ್ಥಾನವನ್ನು ಪಡೆಯಿತು. ನಗರದ ಕರಿಯರ ಹಾಡೂ ಹಳ್ಳಿಯ ಬಿಳಿಯರ ಹಾಡೂ ಏಕಕಾಲದಲ್ಲಿ ಮೇಲೆದ್ದುವು. ಅಮೆರಿಕದ ಕೇಳುಗರು ಆ ಮೇ ತಿಂಗಳಲ್ಲಿ ಒಟ್ಟಾಗಿ ಮನಸ್ಸು ಬದಲಾಯಿಸಿದರೆಂದು ನಂಬುವುದಕ್ಕೆ ಆಧಾರವಿಲ್ಲ. ಅವರು ಹಿಂದೆಯೂ ಕೊಳ್ಳುತ್ತಿದ್ದರು. ಅವರ ಕೊಳ್ಳುವಿಕೆ ವರದಿಗಾರರ ಕಣ್ಣಿಗೆ ಬೀಳುತ್ತಿರಲಿಲ್ಲ, ಅಥವಾ ಬಿದ್ದರೂ ಬೇಕಾಗಿರಲಿಲ್ಲ. ಹೀಗಿರುವಲ್ಲಿ 1980ರ ದಶಕದ ಪಟ್ಟಿಯನ್ನೂ 1990ರ ದಶಕದ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಜನರು ಮೃದುವಾದ ಗೀತೆಯಿಂದ ಒರಟಾದ ಗೀತೆಗೆ ತಿರುಗಿದರೆಂದು ಸಿದ್ಧಾಂತಮಾಡುವುದು ಅವಸರದ ಮಾತಾಗುತ್ತದೆ.

ನಿಯಮವೊಂದು ಗೀತೆಯನ್ನೇ ಮರೆಮಾಡಿದ ಉದಾಹರಣೆಯೂ ಉಂಟು. 1998ರ ಡಿಸೆಂಬರಿನವರೆಗೆ, ಬಿಡಿಯಾಗಿ ಮಾರಾಟಕ್ಕೆ ಬಾರದ ಹಾಡಿಗೆ ಹಾಟ್ ಹಂಡ್ರೆಡ್ ಪಟ್ಟಿಯಲ್ಲಿ ಪ್ರವೇಶವಿರಲಿಲ್ಲ. ಪೂರ್ತಿ ಸಂಪುಟವನ್ನೇ ಕೊಳ್ಳುವಂತೆ ಮಾಡಬೇಕೆಂದು ಕಂಪೆನಿಗಳು ಎಷ್ಟೋ ಗೀತೆಗಳನ್ನು ಬಿಡಿಯಾಗಿ ಮಾರುತ್ತಿರಲಿಲ್ಲ. ನೋ ಡೌಟ್ ಎಂಬ ತಂಡದ ‘ಡೋಂಟ್ ಸ್ಪೀಕ್’ ರೇಡಿಯೋ ಪಟ್ಟಿಯಲ್ಲಿ 16 ವಾರ ಮೊದಲನೆಯದಾಗಿತ್ತು. ಮುಖ್ಯ ಪಟ್ಟಿಯಲ್ಲಿ ಅದು ನೂರನೆಯದಾಗಿಯೂ ಕಾಣಲಿಲ್ಲ. ಮುಂದಿನ ಶತಮಾನದ ಸಂಶೋಧಕನು ಮುಖ್ಯ ಪಟ್ಟಿಯೊಂದನ್ನೇ ನೆಚ್ಚಿದರೆ, ದೇಶವೆಲ್ಲ ಕೇಳಿದ ಗೀತೆಯನ್ನು ಯಾರೂ ಕೇಳಲಿಲ್ಲವೆಂದು ಬರೆದಾನು.

೪. ಕೊಳ್ಳುವುದು ಮತ್ತು ಕೇಳುವುದು

21ನೆಯ ಶತಮಾನದಲ್ಲಿ ಎಣಿಕೆಯ ವಸ್ತುವೇ ಮತ್ತೊಮ್ಮೆ ಬದಲಾಯಿತು. 2005ರಲ್ಲಿ ಅಂತರಜಾಲದಿಂದ ಕೊಂಡು ಇಳಿಸಿಕೊಂಡ ಗೀತೆಗಳೂ, 2012ರಲ್ಲಿ ಬೇಕೆಂದಾಗ ಕೇಳುವ ಸ್ಟ್ರೀಮಿಂಗ್ ಗೀತೆಗಳೂ, 2013ರಲ್ಲಿ ಯೂಟ್ಯೂಬ್ ದೃಶ್ಯಗಳೂ ಲೆಕ್ಕಕ್ಕೆ ಸೇರಿದುವು. ತಟ್ಟೆಯನ್ನು ಕೊಂಡವನು ಅದನ್ನು ಒಮ್ಮೆ ಕೇಳಿದರೂ ಸಾವಿರ ಸಲ ಕೇಳಿದರೂ ಪಟ್ಟಿಗೆ ಒಂದೇ. ಈಗಲಾದರೊ ಪ್ರತಿಯೊಂದು ಸಲದ ಕೇಳುವಿಕೆಯೂ ಎಣಿಕೆಗೆ ಬರುತ್ತದೆ. ಕೊಳ್ಳುವುದು ಒಂದು ನಿಶ್ಚಯ. ಕೇಳುವುದು ಒಂದು ಅಭ್ಯಾಸ. ಮೊದಲನೆಯದು ಹೊಸತನ್ನು ಹುಡುಕುತ್ತದೆ, ಎರಡನೆಯದು ಹಳೆಯದಕ್ಕೆ ಮರಳುತ್ತದೆ.

ಮರಾಯಾ ಕ್ಯಾರಿ 1994ರಲ್ಲಿ ಹಾಡಿದ ಕ್ರಿಸ್‌ಮಸ್ ಗೀತೆಯೊಂದು ಹಾಟ್ ಹಂಡ್ರೆಡ್ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೆ ಬಂದುದು 25 ವರ್ಷಗಳ ಮೇಲೆ, 2019ರ ಡಿಸೆಂಬರಿನಲ್ಲಿ. ಕೇಟ್ ಬುಷ್ 1985ರಲ್ಲಿ ಹೊರತಂದ ಗೀತೆಯೊಂದು ಒಂದು ದೂರದರ್ಶನ ಧಾರಾವಾಹಿಯಲ್ಲಿ ಬಳಕೆಯಾದ ಮೇಲೆ 2022ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಪಟ್ಟಿಯ ತಲೆಗೇರಿತು. ವಾರದ ವಾರ್ತೆಯಾಗಿದ್ದ ಪಟ್ಟಿಯಲ್ಲಿ ಸ್ಮರಣೆಗೂ ಸ್ಥಳ ದೊರೆತಂತಾಯಿತು. ಇದು ಲಾಭವೆಂದೇ ಹೇಳಬೇಕು.

ನಷ್ಟವೂ ಇಲ್ಲದಿಲ್ಲ. 1964ರ ಏಪ್ರಿಲ್ 4ರ ಪಟ್ಟಿಯಲ್ಲಿ ಮೊದಲ ಐದು ಸ್ಥಾನಗಳೂ ಬೀಟಲ್ಸ್ ತಂಡಕ್ಕೆ ಸೇರಿದ್ದುವು. 2022ರ ನವೆಂಬರ್ 5ರ ಪಟ್ಟಿಯಲ್ಲಿ ಮೊದಲ ಹತ್ತೂ ಸ್ಥಾನಗಳು ಟೇಲರ್ ಸ್ವಿಫ್ಟಳವಾಗಿದ್ದುವು. ಹತ್ತು ಐದಕ್ಕಿಂತ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೀಟಲ್ಸರ ಐದು ಗೀತೆಗಳೂ ಬೇರೆಬೇರೆ ತಟ್ಟೆಗಳಾಗಿ, ನಾಲ್ಕು ಬೇರೆ ಮುದ್ರೆಗಳಲ್ಲಿ ಹೊರಟವು. ಒಂದೊಂದನ್ನೂ ಬೇರೆಯಾಗಿ ಹಣ ಕೊಟ್ಟು ಕೊಳ್ಳಬೇಕಾಗಿತ್ತು. ಸ್ವಿಫ್ಟಳ ಹತ್ತು ಗೀತೆಗಳು ಒಂದೇ ಸಂಪುಟದವು. ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿದವನು ಒಂದೇ ಇಚ್ಛೆಯಿಂದ ಅಷ್ಟೂ ಗೀತೆಗಳಿಗೆ ಮತ ಹಾಕಿದಂತಾಯಿತು. ಯಾರು ಹೆಚ್ಚು ಜನಪ್ರಿಯರೆಂಬ ಪ್ರಶ್ನೆಗೆ ಈ ಎರಡು ಪಟ್ಟಿಗಳ ಹೋಲಿಕೆ ಉತ್ತರ ಕೊಡಲಾರದು. ಸೇರಿನಿಂದ ಅಳೆದುದನ್ನೂ ಮೊಳದಿಂದ ಅಳೆದುದನ್ನೂ ಹೋಲಿಸುವ ಬಗೆಯಿಲ್ಲ.

ಅಳತೆಯು ಅಳೆಯಲ್ಪಡುವ ವಸ್ತುವನ್ನೂ ತಿದ್ದುತ್ತದೆಂಬುದು ಇಲ್ಲಿ ಗಮನಾರ್ಹ. ಹತ್ತು ಅಂಗುಲದ ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಆ ಕಟ್ಟು ತಪ್ಪಿದ ಮೇಲೂ ಮೂರು ನಿಮಿಷವೇ ಗೀತೆಯ ಸಹಜ ಪ್ರಮಾಣವೆಂಬ ಭಾವನೆ ನಿಂತಿತು. ಸ್ಟ್ರೀಮಿಂಗ್ ಸಂಸ್ಥೆಗಳಲ್ಲಿ ಪ್ರಮುಖವಾದ ಸ್ಪಾಟಿಫೈ 30 ಸೆಕೆಂಡು ಕೇಳಿದುದನ್ನು ಒಂದು ಸಲವೆಂದು ಎಣಿಸುತ್ತದೆ. ಹೀಗಾದ ಮೇಲೆ ದೀರ್ಘವಾದ ಪೀಠಿಕಾವಾದ್ಯಕ್ಕೆ ಎಡೆ ಕಡಮೆಯಾಗುವುದು ಸಹಜ. ಮೇಲೆ ಹೇಳಿದ ‘ಓಲ್ಡ್ ಟೌನ್ ರೋಡ್’ ಗೀತೆಯ ಮೂಲರೂಪ ಎರಡು ನಿಮಿಷವೂ ಇಲ್ಲ. ಆದರೂ ಮಾಧ್ಯಮವು ಎಲ್ಲೆಯೇ ಹೊರತು ವಿಧಿಯಲ್ಲ. 1968ರಲ್ಲಿ ಬೀಟಲ್ಸರ ‘ಹೇ ಜೂಡ್’ ಏಳು ನಿಮಿಷಕ್ಕೂ ಮೀರಿ ಹರಿದು ಒಂಬತ್ತು ವಾರ ಅಗ್ರಸ್ಥಾನದಲ್ಲಿದ್ದಿತು. 2021ರಲ್ಲಿ ಸ್ವಿಫ್ಟಳ ಹತ್ತು ನಿಮಿಷದ ಗೀತೆಯೊಂದು ಅದೇ ಸ್ಥಾನವನ್ನು ಪಡೆಯಿತು. ಕಟ್ಟನ್ನು ಮೀರುವ ಶಕ್ತಿ ಪ್ರತಿಭೆಗೆ ಎಲ್ಲ ಕಾಲದಲ್ಲಿಯೂ ಉಂಟು.

೫. ಪಟ್ಟಿಯನ್ನು ಓದುವ ಬಗೆ

ಇಷ್ಟರಿಂದ ಪಟ್ಟಿಗಳು ನಿರುಪಯುಕ್ತವೆಂದು ಸಿದ್ಧವಾಯಿತೆ? ಹಾಗಲ್ಲ. ಶಾಸನಗಳಲ್ಲಿ ಉತ್ಪ್ರೇಕ್ಷೆಯುಂಟೆಂದು ಚರಿತ್ರಕಾರನು ಅವನ್ನು ಬಿಸುಡುವುದಿಲ್ಲ. ಇದನ್ನು ಕೆತ್ತಿಸಿದವನಾರು, ಯಾರ ಕಣ್ಣಿಗೆ ಬೀಳಲೆಂದು ಕೆತ್ತಿಸಿದನು, ಯಾವುದನ್ನು ಹೇಳದೆ ಬಿಟ್ಟನು ಎಂಬುದನ್ನು ವಿಚಾರಿಸಿ, ಆಮೇಲೆ ಅದರ ಮಾತನ್ನು ಸ್ವೀಕರಿಸುತ್ತಾನೆ. ಶ್ರೇಣಿಪಟ್ಟಿಯನ್ನೂ ಹಾಗೆಯೇ ಓದತಕ್ಕದ್ದು. ಅದು ವ್ಯಾಪಾರಿಗಳು ವ್ಯಾಪಾರಿಗಳಿಗಾಗಿ ಕೆತ್ತಿಸಿದ ಶಾಸನ. ಯಾವ ಸರಕನ್ನು ತರಿಸಬೇಕೆಂದು ಅಂಗಡಿಯವನಿಗೆ ತಿಳಿಸುವುದು ಅದರ ಮೂಲ ಉದ್ದೇಶ. ಆ ಉದ್ದೇಶಕ್ಕೆ ಅದು ಬಹುಮಟ್ಟಿಗೆ ನಿಷ್ಠವಾಗಿದೆ. ರಸಾನುಭವಕ್ಕೆ ಸಾಕ್ಷಿಯಾಗುತ್ತೇನೆಂದು ಅದು ಎಂದೂ ಹೇಳಲಿಲ್ಲ; ಹಾಗೆ ಹೇಳಿದವರು ಅದನ್ನು ಓದಿದವರು.

ಭಾರತದಲ್ಲಿ ಇದಕ್ಕೆ ಸಮಾನವಾದ ಪ್ರಯತ್ನವೊಂದು ನಡೆಯಿತು. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ವಾರ್ತಾಮಂತ್ರಿಗಳಾಗಿದ್ದಾಗ ಆಕಾಶವಾಣಿಯಿಂದ ಚಲಚ್ಚಿತ್ರಗೀತೆಗಳು ಹೊರಗುಳಿದುವು. ಅದೇ ವರ್ಷದ ಡಿಸೆಂಬರ್ 3ರಂದು ಸಿಲೋನ್ ರೇಡಿಯೋದಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ತಟ್ಟೆಗಳ ಮಾರಾಟದೊಡನೆ ಶ್ರೋತೃಗಳ ಸಂಘಗಳು ಕಳುಹಿಸಿದ ಪತ್ರಗಳನ್ನೂ ಗಣಿಸಿ, ಹಿಂದೀ ಗೀತೆಗಳನ್ನು ಮೆಟ್ಟಲುಮೆಟ್ಟಲಾಗಿ ಏರಿಸಿ ಹೇಳುವ ಕ್ರಮ ಅದರದು. ಸರ್ಕಾರವು ಅಭಿರುಚಿಯನ್ನು ತಿದ್ದಲು ಹೊರಟಾಗ ಶ್ರೋತೃಗಳು ರೇಡಿಯೋದ ಗುಂಡಿಯನ್ನು ಕೊಲಂಬೋ ಕಡೆಗೆ ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ‘ವಿವಿಧಭಾರತಿ’ಯನ್ನು ಆರಂಭಿಸಿ ಆಕಾಶವಾಣಿಯೂ ಚಿತ್ರಗೀತೆಗೆ ಬಾಗಿಲು ತೆರೆಯಬೇಕಾಯಿತು. ಕಾಗದ ಬರೆದು ಅಂಚೆಗೆ ಹಾಕುವಷ್ಟು ಪ್ರೀತಿಯುಳ್ಳವನ ಮತವು ಗೀತಮಾಲೆಯಲ್ಲಿ ಎಣಿಕೆಗೆ ಬಂದಿತು. ಅಮೆರಿಕದ ಪಟ್ಟಿಗಿಂತ ಅದು ಹೆಚ್ಚು ನಿಖರವೆಂದು ಹೇಳಲಾಗದು. ಹೆಚ್ಚು ಆತ್ಮೀಯವೆಂದು ಹೇಳಬಹುದು.

ಕನ್ನಡಕ್ಕೆ ಇಂಥ ಅಖಂಡವಾದ ಪಟ್ಟಿಯಿಲ್ಲ. ಇದನ್ನು ಕೊರತೆಯೆಂದು ಮಾತ್ರ ತಿಳಿಯಬೇಕಾಗಿಲ್ಲ. 19ನೆಯ ಶತಮಾನದಲ್ಲಿದ್ದ ಶಿಶುನಾಳ ಷರೀಫರ ಪದಗಳು ಭಜನೆಯ ಮೇಳಗಳಲ್ಲಿ, ಏಕತಾರಿಯವರ ಕಂಠದಲ್ಲಿ ಸುಮಾರು ನೂರು ವರ್ಷ ಬದುಕಿ, ಆಮೇಲೆ ಸಿ. ಅಶ್ವತ್ಥರ ಹಾಡಿಕೆಯಿಂದ ಕ್ಯಾಸೆಟ್ಟಿನ ಮಾರ್ಗವಾಗಿ ನಗರದ ಮನೆಗಳನ್ನು ಹೊಕ್ಕುವು. 1978ರಲ್ಲಿ ಹೊರಟ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟು ಕೆ. ಎಸ್. ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆಯಿಂದ, ಕವನಸಂಗ್ರಹವನ್ನು ತೆರೆಯದವರ ನಾಲಗೆಗೂ ತಲುಪಿಸಿತು. ಇಲ್ಲಿ ಅಳತೆ ವಾರವಲ್ಲ, ತಲೆಮಾರು. ಅಮೆರಿಕದ ಪಟ್ಟಿಯು ಜನಪ್ರಿಯತೆಯ ಅಗಲವನ್ನು ಹೇಳುತ್ತದೆ. ಆಳವನ್ನು ಹೇಳಲು ಅದಕ್ಕೆ ಉಪಕರಣವಿಲ್ಲ. 25 ವರ್ಷಗಳ ಮೇಲೆ ತಲೆಗೇರಿದ ಕ್ರಿಸ್‌ಮಸ್ ಗೀತೆಯೊಂದರಲ್ಲಿ ಮಾತ್ರ ಆ ಆಳದ ಛಾಯೆ ಆಕಸ್ಮಿಕವಾಗಿ ಅಲ್ಲಿ ಮೂಡಿದೆ.

ಕವಿರಾಜಮಾರ್ಗಕಾರನು ಓದುಬರಹವಿಲ್ಲದ ನಾಡವರಲ್ಲಿಯೂ ಕಾವ್ಯಪರಿಣತಿಯನ್ನು ಕಂಡನೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು. ಆತನು ಅವರನ್ನು ಎಣಿಸಲಿಲ್ಲ. ಅವರ ಮಾತನ್ನು ಕೇಳಿದನು. ಲೋಕರುಚಿಯನ್ನು ತುಚ್ಛವೆಂದು ತಳ್ಳುವ ಪಂಡಿತನೂ, ಸಂಖ್ಯೆಯೇ ಗುಣವೆಂದು ಸಾರುವ ವ್ಯಾಪಾರಿಯೂ ತಪ್ಪುವುದು ಒಂದೇ ಕಡೆಯಲ್ಲಿ: ಕೇಳುಗನು ಹಾಡಿನಲ್ಲಿ ಏನನ್ನು ಪಡೆದನೆಂದು ಇಬ್ಬರೂ ವಿಚಾರಿಸುವುದಿಲ್ಲ. ಪಟ್ಟಿಯು ಯಾವ ಹಾಡಿನ ಕಡೆಗೆ ಕಿವಿಗೊಡಬೇಕೆಂದು ತೋರಿಸಬಲ್ಲುದು. ಕಿವಿಗೊಟ್ಟು ಕೇಳಿ, ಅದರ ಮಾತು, ಧಾಟಿ, ಕಂಠಗಳಲ್ಲಿ ಯಾವುದು ಜನರ ಮನಸ್ಸನ್ನು ಹಿಡಿಯಿತೆಂದು ನಿರ್ಣಯಿಸುವ ಹೊಣೆ ವಿಮರ್ಶಕನದಾಗಿಯೇ ಉಳಿಯುತ್ತದೆ. ಅದನ್ನು ಯಾವ ಎಣಿಕೆಯ ಯಂತ್ರವೂ ಹೊರಲಾರದು.